ಝಡ್ ಆಕ್ಸಿಸ್‌ಗೆ ಸರ್ವೋ ಮೋಟರ್ ಕೂರಿಸಿದ ಬಗೆ

ಪೀಣ್ಯದ ಶೆಡ್‌ವೊಂದರಲ್ಲಿದ್ದ ಹಳೆಯ ಡ್ರಿಲ್ಲಿಂಗ್ ಎಸ್‌ಪಿಎಂನಿಂದ (ಒಂದೇ ಕೆಲಸಕ್ಕೆಂದು ಕಟ್ಟಿದ ಯಂತ್ರ) ಹೈಡ್ರಾಲಿಕ್ ಸಿಲಿಂಡರ್ ಬಿಚ್ಚಿ, ಬಾಲ್ ಸ್ಕ್ರೂ (ಗುಂಡುಗಳ ಮೇಲೆ ಉರುಳುವ ನಟ್ ಇರುವ ಸ್ಕ್ರೂ) ಮತ್ತು ಸರ್ವೋ (ತನ್ನ ಜಾಗ ಅಳೆದುಕೊಂಡು ತಿರುಗುವ ಮೋಟರ್) ಹಾಕಿದ ಕೆಲಸ ಇದು. ಸ್ಲೈಡು, ಸ್ಪಿಂಡಲ್ ಹೆಡ್ಡು ಸೇರಿ 60 ಕೆ.ಜಿ., ನೇರ ಕೆಳಕ್ಕೆ ಇಳಿಯುವ ಆಕ್ಸಿಸ್. ಸ್ಕ್ರೂ ಲೀಡ್, ಅಂದರೆ ಒಂದು ಸುತ್ತಿಗೆ ಸ್ಲೈಡ್ ಸಾಗುವ ದೂರ, 10 ಮಿ.ಮೀ. ಮೋಟರ್ 750 ವ್ಯಾಟ್‌ನದು: 80 ಮಿ.ಮೀ. ಫ್ಲ್ಯಾಂಜ್, 19 ಮಿ.ಮೀ. ಶಾಫ್ಟ್, 3000 ಆರ್‌ಪಿಎಂ, 2.4 ನ್ಯೂಟನ್ ಮೀಟರ್ ರೇಟೆಡ್ ಟಾರ್ಕ್ (ಸತತವಾಗಿ ಕೊಡಬಲ್ಲ ತಿರುಗಿಸುವ ಬಲ), ಬ್ರೇಕ್ ಇರುವ ಮಾದರಿ. ಮೋಟರ್‌ಗೆ ಕರೆಂಟ್ ಕೊಟ್ಟು ನಡೆಸುವ ಡ್ರೈವ್ 200 ವೋಲ್ಟ್ ವರ್ಗದ್ದು.

ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಲೆಕ್ಕ ಬರೆದಿಟ್ಟುಕೊಂಡೆ. 60 ಕೆ.ಜಿ. ಅಂದರೆ ಸುಮಾರು 590 ನ್ಯೂಟನ್. ಅದನ್ನು 10 ಮಿ.ಮೀ. ಲೀಡ್‌ನಲ್ಲಿ ಮೇಲೆತ್ತಲು, ಸ್ಕ್ರೂ ದಕ್ಷತೆ 90 ಶೇಕಡಾ ಎಂದಿಟ್ಟುಕೊಂಡರೆ, 1 ನ್ಯೂಟನ್ ಮೀಟರ್‌ಗೆ ಸ್ವಲ್ಪ ಹೆಚ್ಚು ಟಾರ್ಕ್ ಬೇಕು. ರೇಟೆಡ್‌ನ 40 ಶೇಕಡಾ ಆಸುಪಾಸು. ಈ ಅಂಕಿ ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ. ಕೂರಿಸಿದ್ದು ಸರಿಯೋ ತಪ್ಪೋ ಎಂದು ಹೇಳುವುದು ಅದೇ.

ಮೊದಲ ಕೆಲಸ ಸ್ಲೈಡ್‌ಗೆ ಊರೆ (ಕೆಳಗಿನಿಂದ ಆಸರೆ) ಕೊಡುವುದು. ಬಾಲ್ ಸ್ಕ್ರೂ ತನ್ನಷ್ಟಕ್ಕೆ ಹಿಡಿದು ನಿಲ್ಲುವುದಿಲ್ಲ. ಮೋಟರನ್ನೂ ಸ್ಕ್ರೂವನ್ನೂ ಜೋಡಿಸುವ ಕಪ್ಲಿಂಗ್ ಸಡಿಲವಾದ ಕ್ಷಣ ಹೆಡ್ಡು ಕೆಳಗಿರುತ್ತದೆ. ಮರದ ತುಂಡು ಜಾರುತ್ತದೆಂದು ಸ್ಲೈಡ್‌ಗೂ ಬೆಡ್‌ಗೂ ನಡುವೆ ದಪ್ಪ ಸ್ಟೀಲ್ ಪೈಪ್ ನಿಲ್ಲಿಸಿ, ತುದಿಗಳನ್ನು ಕ್ಲ್ಯಾಂಪ್ ಮಾಡಿದೆ. ಮೇನ್ ಐಸೊಲೇಟರ್ ಕೆಳಗಿಳಿಸಿ ಬೀಗ ಹಾಕಿ, ಕೀಲಿಕೈ ಜೇಬಿನಲ್ಲಿ. ಇಬ್ಬರು ಕೆಲಸ ಮಾಡುತ್ತಿದ್ದರೆ ಎರಡು ಬೀಗ. ಪ್ಯಾನಲ್ ಒಳಗೆ ಕೈ ಹಾಕಬೇಕಾದಾಗಲೆಲ್ಲ ಪವರ್ ತೆಗೆದು ಹತ್ತು ನಿಮಿಷ ಕಾಯ್ದೆ. ಡ್ರೈವ್ ಒಳಗಿನ ಕೆಪಾಸಿಟರ್‌ನಲ್ಲಿ 310 ವೋಲ್ಟ್ ಡಿಸಿ ಉಳಿದಿರುತ್ತದೆ. ಚಾರ್ಜ್ ಲ್ಯಾಂಪ್ ಆರಿತು ಎಂಬುದನ್ನು ನಾನು ಪುರಾವೆ ಎಂದು ಒಪ್ಪುವುದಿಲ್ಲ. ಆ ಲ್ಯಾಂಪೇ ಕೆಟ್ಟಿರಬಹುದು. ಆ ಡಿಸಿಯ ಪಿ ಮತ್ತು ಎನ್ ಟರ್ಮಿನಲ್ ನಡುವೆ ಮಲ್ಟಿಮೀಟರ್ ಹಿಡಿದು ನೋಡಿದ ಮೇಲೇ ಸ್ಕ್ರೂಡ್ರೈವರ್.

ಮೋಟರ್ ಕೂರಿಸುವಾಗ ಸುತ್ತಿಗೆ ಆ ಟೇಬಲ್ ಮೇಲೇ ಇರಬಾರದು. ಮೋಟರ್ ಹಿಂಭಾಗದಲ್ಲಿ ಶಾಫ್ಟ್ ಎಲ್ಲಿದೆ ಎಂದು ಡ್ರೈವ್‌ಗೆ ಹೇಳುವ ಎನ್‌ಕೋಡರ್ ಇದೆ, ಹಲವು ಮಾದರಿಗಳಲ್ಲಿ ಅದರ ಡಿಸ್ಕ್ ಗಾಜಿನದು. ಕಪ್ಲಿಂಗ್ ಬಿಗಿಯಾಗಿದೆ ಎಂದು ಒಂದೇ ಒಂದು ಏಟು ಕೊಟ್ಟರೂ ಆ ಪೆಟ್ಟು ಶಾಫ್ಟ್ ಮೂಲಕ ಬೇರಿಂಗ್‌ಗೆ, ಅಲ್ಲಿಂದ ಡಿಸ್ಕ್‌ಗೆ ಹೋಗುತ್ತದೆ. ಮೋಟರ್ ಅಂದೇ ಸಾಯುವುದಿಲ್ಲ. ವಾರ ಕಳೆದು ಆಗೊಮ್ಮೆ ಈಗೊಮ್ಮೆ ಎನ್‌ಕೋಡರ್ ಅಲಾರಂ ಬರುತ್ತದೆ, ಎಲ್ಲರೂ ಕೇಬಲ್ ಬದಲಿಸುತ್ತ ಕೂರುತ್ತಾರೆ. ಶಾಫ್ಟ್ ತುದಿಯಲ್ಲಿ ಥ್ರೆಡ್ ಇರುವ ತೂತು ಕೊಟ್ಟಿರುವುದೇ ಇದಕ್ಕೆ. ಬಿಗಿ ಇರುವ ಪುಲ್ಲಿಯನ್ನು ಬೋಲ್ಟ್, ದಪ್ಪ ವಾಷರ್ ಹಾಕಿ ನಿಧಾನವಾಗಿ ಎಳೆದು ಕೂರಿಸಬೇಕು, ಪುಲ್ಲರ್ ಹಾಕಿ ಬಿಚ್ಚಬೇಕು. ನಾನು ಬಳಸಿದ್ದು ಕ್ಲ್ಯಾಂಪ್ ಬಗೆಯ ಡಿಸ್ಕ್ ಕಪ್ಲಿಂಗ್, ಕೈಯಲ್ಲೇ ಜಾರಿಕೊಂಡು ಕೂತಿತು. ಶಾಫ್ಟ್ ಮೇಲಿನ ತುಕ್ಕು ನಿರೋಧಕ ಎಣ್ಣೆಯನ್ನು ಥಿನ್ನರ್ ಬಟ್ಟೆಯಿಂದ ಒರೆಸಿದೆ, ಇಲ್ಲದಿದ್ದರೆ ಕ್ಲ್ಯಾಂಪ್ ಜಾರುತ್ತದೆ. ಥಿನ್ನರ್ ಆಯಿಲ್ ಸೀಲ್‌ಗೆ ಮುಟ್ಟದಂತೆ ನೋಡಿಕೊಳ್ಳಬೇಕು.

ಬ್ರಾಕೆಟ್‌ನಲ್ಲಿ 70 ಮಿ.ಮೀ. ಬೋರ್ ಮಾಡಿಸಿದ್ದೆ, ಮೋಟರ್‌ನ ಸ್ಪಿಗಟ್ (ಫ್ಲ್ಯಾಂಜ್ ಮುಖದಲ್ಲಿ ಉಬ್ಬಿದ ದುಂಡು ಭಾಗ) ಅದರಲ್ಲಿ ಅಲುಗಾಟವಿಲ್ಲದೆ ಕೂರಬೇಕು. ಮೋಟರನ್ನು ಕೇಂದ್ರಕ್ಕೆ ತರುವುದು ಸ್ಪಿಗಟ್. ಬೋಲ್ಟ್‌ಗಳು ಹಿಡಿದಿಡುವುದಕ್ಕೆ ಮಾತ್ರ. 8.8 ದರ್ಜೆಯ ನಾಲ್ಕು ಎಂ6 ಬೋಲ್ಟ್‌ಗಳನ್ನು ಎದುರುಬದುರಾಗಿ ಬಿಗಿಯುತ್ತ ಕೊನೆಗೆ ಟಾರ್ಕ್ ರೆಂಚ್‌ನಲ್ಲಿ 10 ನ್ಯೂಟನ್ ಮೀಟರ್‌ಗೆ ನಿಲ್ಲಿಸಿದೆ. ಶಾಫ್ಟ್, ಸ್ಕ್ರೂ ಎರಡೂ ಒಂದೇ ಗೆರೆಯಲ್ಲಿವೆಯೇ ಎಂದು ನೋಡಲು ಡಯಲ್ ಗೇಜನ್ನು ಮೋಟರ್ ಶಾಫ್ಟ್‌ಗೆ ಕಟ್ಟಿ ಸ್ಕ್ರೂ ತುದಿಯ ಸುತ್ತ ತಿರುಗಿಸಿದಾಗ (ಬ್ರೇಕ್ ಕಾಯಿಲ್‌ಗೆ ಬೇರೆ 24 ವೋಲ್ಟ್ ಕೊಟ್ಟು ಬಿಡಿಸಿಕೊಂಡು) ಮೊದಲು 0.08 ಮಿ.ಮೀ. ತೋರಿಸಿತು. ಬ್ರಾಕೆಟ್ ಕೆಳಗೆ ಹಳೆಯ ಪೇಂಟ್ ಉಳಿದಿತ್ತು. ಕೆರೆದು ಮತ್ತೆ ಬಿಗಿದ ಮೇಲೆ 0.02. ಒಟ್ಟು ರೀಡಿಂಗ್ 0.03 ದಾಟಿದರೆ ನಾನು ಮುಂದೆ ಹೋಗುವುದಿಲ್ಲ. ಫ್ಲೆಕ್ಸಿಬಲ್ ಕಪ್ಲಿಂಗ್ ಇದೆಯಲ್ಲ, ಎಲ್ಲ ನುಂಗಿಕೊಳ್ಳುತ್ತದೆ ಎನ್ನುವವರಿದ್ದಾರೆ. ನುಂಗುತ್ತದೆ ನಿಜ, ಆದರೆ ಒಂದೊಂದು ಸುತ್ತಿಗೂ ಬೇರಿಂಗ್ ಮೇಲೆ ಅಡ್ಡ ಒತ್ತಡ ಹಾಕುತ್ತ ನುಂಗುತ್ತದೆ.

ಇನ್ನು ಪವರ್. 200 ವೋಲ್ಟ್ ವರ್ಗದ ಡ್ರೈವ್‌ನ ಮೇಲೆ ಎಲ್1, ಎಲ್2, ಎಲ್3 ಎಂದು ಮೂರು ಟರ್ಮಿನಲ್ ಕಂಡ ಕೂಡಲೇ ನಮ್ಮಲ್ಲಿ ಕೆಲವರು 415 ವೋಲ್ಟ್ ತ್ರೀ ಫೇಸ್ ಎಳೆದು ಕಟ್ಟಿಬಿಡುತ್ತಾರೆ. ಸ್ವಿಚ್ ಹಾಕಿದ ಕೂಡಲೇ ಸದ್ದು, ಹೊಗೆ. ಫೇಸ್ ಮತ್ತು ನ್ಯೂಟ್ರಲ್ ನಡುವಿನ 230 ವೋಲ್ಟ್ ಕೊಡಬಹುದು, ಆದರೆ ಶೆಡ್‌ನಲ್ಲಿ ನ್ಯೂಟ್ರಲ್ ಕಿತ್ತುಹೋದರೆ ಆ ಡ್ರೈವ್‌ಗೆ ಬರುವ ವೋಲ್ಟೇಜ್ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಹೇಳಲಾಗದು. ಅದಕ್ಕೇ ಎರಡು ಫೇಸ್ ನಡುವೆ 415ರಿಂದ 220ಕ್ಕೆ ಇಳಿಸುವ 2 ಕೆವಿಎ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿದೆ. ಸೆಕೆಂಡರಿಯ ಒಂದು ತುದಿಯನ್ನು ಅರ್ತ್‌ಗೆ ಕಟ್ಟಿದೆ, ಡ್ರೈವ್ ಕಡೆ ಅರ್ತ್ ಫಾಲ್ಟ್ ಆದರೆ ಎಂಸಿಬಿ ಬೀಳಲೇಬೇಕು.

ಡ್ರೈವ್‌ನಿಂದ ಮೋಟರ್‌ಗೆ ಹೋಗುವ ಮೂರು ವೈರ್ ಯು, ವಿ, ಡಬ್ಲ್ಯು ಅದೇ ಕ್ರಮದಲ್ಲಿ ಹೋಗಬೇಕು. ಇಂಡಕ್ಷನ್ ಮೋಟರ್‌ಗೆ ಮಾಡಿದಂತೆ ಎರಡು ವೈರ್ ಅದಲುಬದಲು ಮಾಡಿ ದಿಕ್ಕು ಬದಲಿಸಲು ಇಲ್ಲಿ ಆಗುವುದಿಲ್ಲ. ಎನ್‌ಕೋಡರ್ ಹೇಳುವ ಜಾಗಕ್ಕೂ ಕರೆಂಟ್ ಹೋಗುವ ಕಾಯಿಲ್‌ಗೂ ತಾಳ ತಪ್ಪಿ ಮೋಟರ್ ನಡುಗುತ್ತದೆ, ಇಲ್ಲವೇ ಹಿಡಿತ ತಪ್ಪಿ ಓಡುತ್ತದೆ. ದಿಕ್ಕು ಬದಲಿಸುವುದು ಪ್ಯಾರಾಮೀಟರ್‌ನಲ್ಲಿ. ಮೋಟರ್ ಸರಿ ಇದೆಯೇ ಎಂದು ನೇರ ತ್ರೀ ಫೇಸ್ ಕೊಟ್ಟು ಪರೀಕ್ಷಿಸಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಅಳೆಯುವ ಮೀಟರ್) ಹಾಕಲೇಬೇಕೆಂದರೆ ಕೇಬಲನ್ನು ಡ್ರೈವ್‌ನಿಂದ ಬಿಚ್ಚಿ, ಯು, ವಿ, ಡಬ್ಲ್ಯುಗಳಿಗೂ ಮೋಟರ್‌ನ ಲೋಹದ ಮೈಗೂ ನಡುವೆ ಮಾತ್ರ. ಎನ್‌ಕೋಡರ್ ಪಿನ್‌ಗಳ ಹತ್ತಿರ ಮೆಗ್ಗರ್ ಸುಳಿಯಬಾರದು.

ಅರ್ತಿಂಗ್ ಮತ್ತು ಶೀಲ್ಡ್‌ಗೆ ನಾನು ಒಂದಿಡೀ ದಿನ ಕೊಟ್ಟೆ. ಮೋಟರ್‌ನ ಅರ್ತ್ ವೈರ್ ಅದೇ ಪವರ್ ಕೇಬಲ್ ಒಳಗೆ ಡ್ರೈವ್‌ವರೆಗೆ ವಾಪಸು ಬರಬೇಕು. ಡ್ರೈವ್, ಟ್ರಾನ್ಸ್‌ಫಾರ್ಮರ್, ಫಿಲ್ಟರ್ ಒಂದೊಂದಕ್ಕೂ ತಾಮ್ರದ ಬಸ್‌ಬಾರ್‌ಗೆ ಬೇರೆ ಬೇರೆ ವೈರ್. ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕುತ್ತ ಹೋಗಬಾರದು. ಪವರ್ ಕೇಬಲ್ ಶೀಲ್ಡ್‌ನ ಜಡೆಯನ್ನು ಹೆಣೆದು ಬಾಲದಂತೆ ಉದ್ದ ಮಾಡಿ ಒಂದು ಸ್ಕ್ರೂಗೆ ಕಟ್ಟುವುದು ಎಲ್ಲೆಡೆ ಕಾಣುವ ಅಭ್ಯಾಸ. ಡ್ರೈವ್ ಹೊರಹಾಕುವ ಹೈ ಫ್ರೀಕ್ವೆನ್ಸಿ ಗದ್ದಲಕ್ಕೆ ಆ ಬಾಲ ದಾರಿಯೇ ಅಲ್ಲ. ಹೊರಗಿನ ಕವಚವನ್ನು ಎರಡು ಸೆಂಟಿಮೀಟರ್ ಸುಲಿದು, ಶೀಲ್ಡ್ ಸುತ್ತ ಪೂರ್ತಿ ಅಪ್ಪಿ ಹಿಡಿಯುವ ಲೋಹದ ಕ್ಲ್ಯಾಂಪನ್ನು ಮೌಂಟಿಂಗ್ ಪ್ಲೇಟ್‌ಗೆ ಒತ್ತಿದೆ, ಪ್ಲೇಟ್‌ನ ಪೇಂಟನ್ನು ಎಮರಿ ಪೇಪರ್‌ನಲ್ಲಿ ಉಜ್ಜಿ ತೆಗೆದು. ಎನ್‌ಕೋಡರ್ ಕೇಬಲ್ ಶೀಲ್ಡ್ ಎರಡೂ ತುದಿಯಲ್ಲಿ ಕನೆಕ್ಟರ್‌ನ ಲೋಹದ ಚಿಪ್ಪಿಗೆ.

ಇನ್ನೊಂದು ಮಾತು. 30 ಮಿಲಿಆಂಪ್ ಇಎಲ್‌ಸಿಬಿ (ಅರ್ತ್‌ಗೆ ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಸರ್ವೋ ಲೈನ್‌ನಲ್ಲಿ ಸುಮ್ಮಸುಮ್ಮನೆ ಬೀಳುತ್ತದೆ. ಬೀಳುತ್ತದೆಂದು ಬೈಪಾಸ್ ಮಾಡುವುದು ಪರಿಹಾರವಲ್ಲ. ಡ್ರೈವ್ ಮ್ಯಾನುಯಲ್ ಹೇಳುವ ಬಗೆಯದನ್ನೇ ಹಾಕಬೇಕು, ಅರ್ತ್ ವೈರ್ ದಪ್ಪಗಿರಬೇಕು.

ಕೇಬಲ್ ಚೈನ್‌ನಲ್ಲಿ ಓಡುವುದು ಹೈ ಫ್ಲೆಕ್ಸ್ ಕೇಬಲ್ ಮಾತ್ರ. ಮಾಮೂಲಿ ಕೇಬಲ್ ಹೊರಗೆ ಹೊಳೆಯುತ್ತಲೇ ಇರುತ್ತದೆ, ಒಳಗೆ ತಾಮ್ರದ ಎಳೆ ತುಂಡಾಗಿರುತ್ತದೆ. ಕೇಬಲ್ ಹೊರ ವ್ಯಾಸ 11 ಮಿ.ಮೀ. ಇತ್ತು, ಹತ್ತು ಪಟ್ಟು ಅಂದರೆ 110. ಚೈನ್‌ನ ಬಾಗು ತ್ರಿಜ್ಯ 125 ಮಿ.ಮೀ. ಆರಿಸಿದೆ. ಸುರುಳಿಯಿಂದ ಕೇಬಲನ್ನು ಪಕ್ಕಕ್ಕೆ ಎಳೆದು ಬಿಡಿಸಿದರೆ ಪ್ರತಿ ಸುತ್ತಿಗೂ ಒಂದು ತಿರುಚು ಸೇರುತ್ತದೆ, ಆ ತಿರುಚು ಚೈನ್ ಒಳಗೆ ಹಾವಿನಂತೆ ಏಳುತ್ತದೆ. ಸುರುಳಿಯನ್ನೇ ಉರುಳಿಸಿ ಬಿಡಿಸಿದೆ. ಚೈನ್ ಒಳಗೆ ಟೈ ಕಟ್ಟಲಿಲ್ಲ, ಎರಡು ತುದಿಯಲ್ಲಿ ಮಾತ್ರ ಕ್ಲ್ಯಾಂಪ್. ಪವರ್, ಎನ್‌ಕೋಡರ್ ನಡುವೆ ಡಿವೈಡರ್. ಚೈನ್ ಹೊರಗೆ ಅವೆರಡಕ್ಕೂ 200 ಮಿ.ಮೀ. ಅಂತರ, ದಾಟಲೇಬೇಕಾದಲ್ಲಿ ಅಡ್ಡಡ್ಡ. ಮೋಟರ್ ಹತ್ತಿರ ಕೇಬಲ್ ಕನೆಕ್ಟರ್‌ಗಿಂತ ಕೆಳಗೆ ಒಂದು ಬಳುಕು ತೆಗೆದುಕೊಂಡು ಮೇಲೇರಬೇಕು. ಇಲ್ಲದಿದ್ದರೆ ಕೂಲಂಟ್ ಕೇಬಲ್ ಹಿಡಿದುಕೊಂಡೇ ಪಿನ್‌ಗಳವರೆಗೆ ಬರುತ್ತದೆ.

ಬ್ರೇಕ್ ಇರುವುದು ನಿಂತ ಲೋಡನ್ನು ಹಿಡಿಯಲು, ಓಡುವ ಲೋಡನ್ನು ನಿಲ್ಲಿಸಲು ಅಲ್ಲ. ಮತ್ತೆ ಮತ್ತೆ ಎಮರ್ಜೆನ್ಸಿ ಒತ್ತಿ ಅದರಿಂದ ನಿಲ್ಲಿಸಿದರೆ ಲೈನಿಂಗ್ ಸವೆದಿರುತ್ತದೆ. ಬ್ರೇಕ್‌ಗೆ ಸೆನ್ಸರ್‌ಗಳದ್ದಲ್ಲದ ಬೇರೆ 24 ವೋಲ್ಟ್ ಸಪ್ಲೈ ಕೊಟ್ಟು, ಮೋಟರ್ ತುದಿಯಲ್ಲೇ ಅಳೆದೆ: 23.5 ಇತ್ತು. 21.6ಕ್ಕಿಂತ ಕೆಳಗಿಳಿದರೆ ಬ್ರೇಕ್ ಅರೆಬರೆ ಬಿಟ್ಟು ಉಜ್ಜುತ್ತ ಇರುತ್ತದೆ, ಮೋಟರ್ ಯಾಕೆ ಬಿಸಿಯಾಗುತ್ತಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ಕಾಯಿಲ್‌ಗೆ ಅಡ್ಡ ಡಯೋಡ್ ಹಾಕಿದಾಗ ರಿಲೇ ಕಾಂಟ್ಯಾಕ್ಟ್ ಉಳಿಯಿತು, ಆದರೆ ಸರ್ವೋ ಆಫ್ ಮಾಡಿದಾಗಲೆಲ್ಲ ಸ್ಲೈಡ್ ಮೂರು ಮಿ.ಮೀ. ಜಾರಿತು. ಡಯೋಡ್ ಇದ್ದರೆ ಕಾಯಿಲ್‌ನ ಕರೆಂಟ್ ನಿಧಾನವಾಗಿ ಇಳಿಯುತ್ತದೆ, ಬ್ರೇಕ್ ತಡವಾಗಿ ಕಚ್ಚುತ್ತದೆ. ಕರೆಂಟನ್ನು ಬೇಗ ಇಳಿಸುವ ವೇರಿಸ್ಟರ್‌ಗೆ ಬದಲಿಸಿ, ಬ್ರೇಕ್ ಕಚ್ಚಿದ 150 ಮಿಲಿಸೆಕೆಂಡ್ ನಂತರವಷ್ಟೇ ಸರ್ವೋ ಆಫ್ ಆಗುವಂತೆ ಪ್ಯಾರಾಮೀಟರ್ ಇಟ್ಟ ಮೇಲೆ ಜಾರುವುದು ನಿಂತಿತು. ಎಮರ್ಜೆನ್ಸಿಯನ್ನು ಸೇಫ್ಟಿ ರಿಲೇ ಮೂಲಕ ಡ್ರೈವ್‌ನ ಎಸ್‌ಟಿಒ (ಸೇಫ್ ಟಾರ್ಕ್ ಆಫ್) ಎರಡೂ ಚಾನೆಲ್‌ಗೆ ತಂದೆ. ಎಸ್‌ಟಿಒ ಟಾರ್ಕ್ ತೆಗೆಯುತ್ತದೆ, ವೋಲ್ಟೇಜ್ ತೆಗೆಯುವುದಿಲ್ಲ. ಅದನ್ನು ನಂಬಿ ಟರ್ಮಿನಲ್ ಮುಟ್ಟುವಂತಿಲ್ಲ. ಟಾರ್ಕ್ ಹೋದ ಮೇಲೆ ಹೆಡ್ಡನ್ನು ಹಿಡಿದಿರುವುದೂ ಬ್ರೇಕ್ ಒಂದೇ, ಹಾಗಾಗಿ ಕೆಳಗೆ ಕೈ ಹಾಕುವ ಮೊದಲು ಪೈಪ್ ನಿಲ್ಲಿಸಲೇಬೇಕು.

ಮೊದಲ ಓಟ ಕಪ್ಲಿಂಗ್ ಬಿಚ್ಚಿ, ಪೈಪ್ ಊರೆ ಇದ್ದಂತೆಯೇ. ಶಾಫ್ಟ್‌ನ ಕೀ ತೆಗೆದಿಟ್ಟೆ, ತಿರುಗುವಾಗ ಅದು ಗುಂಡಿನಂತೆ ಹಾರುತ್ತದೆ. ಟಾರ್ಕ್ ಲಿಮಿಟ್ 30 ಶೇಕಡಾ, ಜಾಗ್ (ಬಟನ್ ಒತ್ತಿದಷ್ಟು ಹೊತ್ತು ಮಾತ್ರ ಓಡಿಸುವುದು) 50 ಆರ್‌ಪಿಎಂ. ಬ್ರೇಕ್ ಬಿಡುವ ಟಕ್ ಸದ್ದು ಕೇಳಬೇಕು. ದಿಕ್ಕು ನೋಡಿ, ಎಮರ್ಜೆನ್ಸಿ ಒತ್ತಿ ನೋಡಿ, ಎರಡೂ ಲಿಮಿಟ್ ಸ್ವಿಚ್ ಕೈಯಲ್ಲಿ ಒತ್ತಿ ನೋಡಿ, ಆಮೇಲೆ ಪವರ್ ತೆಗೆದು ಕಪ್ಲಿಂಗ್ ಬಿಗಿದೆ. ಟಾರ್ಕ್ ಲಿಮಿಟನ್ನು 80ಕ್ಕೆ ಏರಿಸದೆ ಊರೆ ತೆಗೆಯಬಾರದು, 30ರಲ್ಲಿ ಈ ಹೆಡ್ಡು ನಿಲ್ಲುವುದಿಲ್ಲ.

ನಿಂತಲ್ಲಿ ಡ್ರೈವ್ ಮಾನಿಟರ್ ರೇಟೆಡ್ ಟಾರ್ಕ್‌ನ 36 ಶೇಕಡಾ ತೋರಿಸಿತು, ನಿಧಾನವಾಗಿ ಮೇಲೇರುವಾಗ 47. ಲೆಕ್ಕದ 40ರ ಮೇಲೆ ಸೀಲ್, ಗಿಬ್‌ಗಳ (ಸ್ಲೈಡ್‌ನ ಸಡಿಲ ತೆಗೆಯುವ ಪಟ್ಟಿಗಳ) ಘರ್ಷಣೆ ಸೇರಿದರೆ ಇದು ಸರಿಯಾದ ಅಂಕಿಯೇ. 70 ಬಂದಿದ್ದರೆ ಟ್ಯೂನಿಂಗ್ ಮುಟ್ಟದೆ ವಾಪಸು ಡಯಲ್ ಗೇಜ್‌ಗೆ ಹೋಗುತ್ತಿದ್ದೆ. ಈ ಎರಡು ಅಂಕಿಗಳನ್ನೂ, ಎನ್‌ಕೋಡರ್‌ನ 3.6 ವೋಲ್ಟ್ ಬ್ಯಾಟರಿ ಹಾಕಿದ ತಾರೀಖನ್ನೂ ಪ್ಯಾನಲ್ ಬಾಗಿಲ ಒಳಗೆ ಬರೆದು ಅಂಟಿಸಿದ್ದೇನೆ. ಬ್ಯಾಟರಿ ಬದಲಿಸುವಾಗ ಡ್ರೈವ್‌ನ ಕಂಟ್ರೋಲ್ ಪವರ್ ಆನ್ ಇರಲಿ, ಇಲ್ಲದಿದ್ದರೆ ಹೋಮ್ ಪೊಸಿಷನ್ ಹೋಗುತ್ತದೆ ಎಂಬ ಸಾಲೂ ಅದರ ಕೆಳಗೇ ಇದೆ.