ವಾರ್ಮರ್‌ನಿಂದ ತಾಯಿಯ ಎದೆಗೆ

ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ ನಾನು ಶುಶ್ರೂಷಾಧಿಕಾರಿ. ಕಾಂಗರೂ ಆರೈಕೆ, ಅಂದರೆ ಕಡಿಮೆ ತೂಕದ ಮಗುವನ್ನು ತಾಯಿಯ ಬರಿಮೈಗೆ ತಾಗುವಂತೆ ಎದೆಯ ಮೇಲಿಡುವುದು, ನಮಗೆ ಹೊಸದೇನಲ್ಲ. ಮಗು ನಾಲ್ಕಾರು ದಿನ ಮೈ ಬೆಚ್ಚಗಿಡುವ ಯಂತ್ರವಾದ ವಾರ್ಮರ್‌ನಲ್ಲಿದ್ದು, ಉಸಿರಾಟ ನೆಟ್ಟಗಾಗಿ, ಡ್ರಿಪ್ ತೆಗೆದ ಮೇಲೆ ತಾಯಿಯನ್ನು ಕರೆಯುತ್ತಿದ್ದೆವು. ಒಂದು ಗಂಟೆ ಎದೆಯ ಮೇಲೆ ಮಲಗಿಸಿ ರಿಜಿಸ್ಟರ್‌ನಲ್ಲಿ ಬರೆದುಕೊಂಡರೆ ಕೆಲಸ ಮುಗಿಯುತ್ತಿತ್ತು.

2021ರಲ್ಲಿ ಘಾನಾ, ಭಾರತ, ಮಲಾವಿ, ನೈಜೀರಿಯಾ, ಟಾಂಜಾನಿಯಾಗಳ ಐದು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು ಪ್ರಕಟವಾಯಿತು. ನಮ್ಮ ದೇಶದಿಂದ ಅದರಲ್ಲಿದ್ದದ್ದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ. ಒಂದು ಕಿಲೋಗಿಂತ ಕಡಿಮೆಯಿಲ್ಲದ, 1,800 ಗ್ರಾಂ ಮುಟ್ಟದ ಮಕ್ಕಳು. ಒಂದು ಗುಂಪನ್ನು ಚೇತರಿಸಿಕೊಳ್ಳುವ ತನಕ ಕಾಯದೆ, ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಎದೆಗೆ ಹಾಕಿದರು. 28 ದಿನಗಳೊಳಗೆ ಆ ಗುಂಪಿನಲ್ಲಿ ಶೇ. 12ರಷ್ಟು ಮಕ್ಕಳು ತೀರಿಕೊಂಡರೆ, ಹಳೆಯ ಪದ್ಧತಿಯಲ್ಲಿ ಶೇ. 15.7. ಆದರೆ ನನ್ನ ಕಣ್ಣು ಕೀಲಿಸಿದ್ದು ಇನ್ನೊಂದು ಲೆಕ್ಕದ ಮೇಲೆ: ಮೊದಲ ಗುಂಪಿನ ಮಕ್ಕಳು ಘಟಕದಲ್ಲಿ ದಿನಕ್ಕೆ ಸುಮಾರು 17 ಗಂಟೆ ಎದೆಯ ಮೇಲಿದ್ದವು; ಎರಡನೆಯದರಲ್ಲಿ ಒಂದೂವರೆ ಗಂಟೆ. ನಮ್ಮ ರಿಜಿಸ್ಟರ್ ಪೂರ್ತಿ ಎರಡನೆಯ ಗುಂಪಿನದೇ!

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹುಟ್ಟಿದ ಕೂಡಲೇ ಶುರುಮಾಡಿ, ದಿನಕ್ಕೆ 8ರಿಂದ 24 ಗಂಟೆ ನಡೆಸಿ ಎಂದಾಗ ನಮ್ಮ ವೈದ್ಯರು ತಕ್ಷಣ ಒಪ್ಪಿದರು. ತೊಡಕು ಬಂದದ್ದು ಮಂಚದ ವಿಷಯದಲ್ಲಿ. ಹೆರಿಗೆ ವಾರ್ಡ್ ಕೆಳಗಿನ ಮಹಡಿಯಲ್ಲಿ. ಘಟಕದೊಳಗೆ ತಾಯಿಗಿದ್ದದ್ದು ಪ್ಲಾಸ್ಟಿಕ್ ಸ್ಟೂಲ್. ಹೊಲಿಗೆ ಹಾಕಿಸಿಕೊಂಡ ಬಾಣಂತಿ ಅದರ ಮೇಲೆ ಎಷ್ಟು ಹೊತ್ತು ಕುಳಿತಾಳು? ಉಗ್ರಾಣದಲ್ಲಿ ತಲೆಯ ಕಡೆ ಎತ್ತುವ ಎರಡು ಹಳೆಯ ಮಂಚಗಳು ಸಿಕ್ಕವು. ಒಂದರ ಹಿಡಿ ಮುರಿದಿತ್ತು, ಮರದ ತುಂಡು ಕೊಟ್ಟು ನಿಲ್ಲಿಸಿದೆವು. "ನನ್ನ ಬಾಣಂತಿಯ ರಕ್ತದೊತ್ತಡ ಯಾರು ನೋಡುತ್ತಾರೆ?" ಎಂದು ಹೆರಿಗೆ ವಾರ್ಡಿನ ಸಿಸ್ಟರ್ ಸಿಡುಕಿದರು. ಕೇಳಿದ್ದು ನ್ಯಾಯವೇ. ಕೊನೆಗೆ ಬೆಳಿಗ್ಗೆ, ಸಂಜೆ ಅವರೇ ಮೇಲೆ ಬಂದು ನೋಡುವುದೆಂದು ತೀರ್ಮಾನವಾಯಿತು.

ಮೊದಲನೆಯ ಮಗು 1,420 ಗ್ರಾಂ. ಮೂಗಿಗೆ ಆಮ್ಲಜನಕದ ನಳಿಕೆ, ಕೈಗೆ ಡ್ರಿಪ್. "ಸಿಸ್ಟರ್, ವೈರು ಕಿತ್ತುಬಂದರೆ?" ಎಂದು ತಾಯಿ ಕೈಯನ್ನೇ ಚಾಚಲಿಲ್ಲ. ನಳಿಕೆಯನ್ನು ಅವಳ ಹೆಗಲಿಗೆ ಟೇಪಿನಿಂದ ಅಂಟಿಸಿದೆ. ಟೋಪಿ, ಕಾಲುಚೀಲ, ಡಯಾಪರ್ ಬಿಟ್ಟು ಬೇರೆ ಬಟ್ಟೆಯಿಲ್ಲದ ಮಗುವನ್ನು ಸ್ತನಗಳ ನಡುವೆ ನೆಟ್ಟಗೆ ಇಟ್ಟು, ಮುಖವನ್ನು ಒಂದು ಪಕ್ಕಕ್ಕೆ ಹೊರಳಿಸಿ, ಕಾಲುಗಳನ್ನು ಕಪ್ಪೆಯಂತೆ ಮಡಿಸಿ ಬಟ್ಟೆ ಬಿಗಿದೆ. ಕಂಕುಳಿನ ಉಷ್ಣಾಂಶ ಆಗ 36.1 ಡಿಗ್ರಿ. ಒಂದು ಗಂಟೆಯ ನಂತರ 36.7. ಆ ಒಂದು ಗಂಟೆ ನಾನು ಅಲುಗಾಡಲಿಲ್ಲ. ಧೈರ್ಯ ಅವಳಿಗಿಂತ ನನಗೇ ಬೇಕಾಗಿತ್ತು.

ಎಲ್ಲವೂ ಹೀಗೆ ಸುಸೂತ್ರವಾಗಲಿಲ್ಲ. ಎರಡನೆಯ ವಾರ ಒಬ್ಬ ತಾಯಿ ತೂಕಡಿಸಿದಾಗ ಮಗುವಿನ ಗದ್ದ ಎದೆಗೆ ಬಾಗಿ, ತುಟಿ ನೀಲಿಗಟ್ಟಿತು. ಕತ್ತು ಎತ್ತಿದ ಕೂಡಲೇ ಬಣ್ಣ ಮರಳಿತಾದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ಬಟ್ಟೆಯ ಮೇಲಂಚು ಮಗುವಿನ ಕಿವಿಯ ಕೆಳಗಿನ ಮಟ್ಟಕ್ಕೆ ಬರುವಂತೆ ಕಟ್ಟುತ್ತೇವೆ, ಮಗುವಿನ ಮುಖ ಕಾಣಲೆಂದು ತಾಯಿಯ ಕೈಗೆ ಸಣ್ಣ ಕನ್ನಡಿ ಕೊಡುತ್ತೇವೆ. ನಿದ್ದೆ ಬಂದರೆ ಅಜ್ಜಿಯ ಸರದಿ. ಹಸಿ ಬಾಣಂತಿಗೆ ಶೀತವಾಗುತ್ತದೆಂದು ಜಗಳ ತೆಗೆದ ಅಜ್ಜಿಯರೇ ಒಮ್ಮೆ ಮಗುವನ್ನು ಕಟ್ಟಿಕೊಂಡರೆ ಬಿಟ್ಟುಕೊಡುವುದಿಲ್ಲ. ಅಂಗಿ ಬಿಚ್ಚಲು ನಾಚುವ ಅಪ್ಪಂದಿರು ರಾತ್ರಿ ಪರದೆ ಎಳೆದ ಮೇಲೆ ಬರುತ್ತಾರೆ.

ಹದಿನೇಳು ಗಂಟೆ ನಮಗೆ ಇನ್ನೂ ಒಲಿದಿಲ್ಲ. ಒಂಬತ್ತು, ಹತ್ತಕ್ಕೆ ನಿಂತಿದ್ದೇವೆ. ಎರಡೇ ಮಂಚಗಳಿರುವಾಗ ಮೂರನೆಯ ತಾಯಿ ಬಂದರೆ, ಯಾರ ಮಗುವಿನ ತೂಕ ಕಡಿಮೆಯೋ ಅವರಿಗೆ ಮೊದಲು ಮಂಚ.