ರೆಸಾರ್ಟ್‌ನಲ್ಲಿ ತುರ್ತು ವೈದ್ಯಕೀಯ ಕಲಿಯಲು ಹೊರಟವರಿಗೆ

1990ರ ಜೂನ್‌ನಲ್ಲಿ ನಾರ್ವೆಯ ಸ್ಟಾವಾಂಗರ್ ನಗರಕ್ಕೆ ಹತ್ತಿರದ ದ್ವೀಪವೊಂದರಲ್ಲಿ, ಉಟ್‌ಸ್ಟೈನ್ ಎಂಬ ಪುರಾತನ ಕ್ರೈಸ್ತ ಮಠದಲ್ಲಿ, ಹೃದಯ ಸ್ತಂಭನದ ತಜ್ಞರು ಸಭೆ ಸೇರಿದರು. ಆಸ್ಪತ್ರೆಯ ಹೊರಗೆ ಹೃದಯ ನಿಂತವರ ಲೆಕ್ಕವನ್ನು ಒಂದೊಂದು ಊರು ಒಂದೊಂದು ರೀತಿ ಇಡುತ್ತಿದ್ದ ಕಾಲ ಅದು. ಯಾರ ಚಿಕಿತ್ಸೆ ಎಷ್ಟು ಫಲ ಕೊಡುತ್ತಿದೆ ಎಂದು ಹೋಲಿಸಿ ನೋಡುವುದೇ ಕಷ್ಟವಾಗಿತ್ತು. ಆ ಸಭೆಯಿಂದ ಹುಟ್ಟಿದ ಏಕರೂಪದ ದಾಖಲೆ ಕ್ರಮ ಇಂದಿಗೂ ಉಟ್‌ಸ್ಟೈನ್ ಹೆಸರಿನಲ್ಲೇ ನಡೆಯುತ್ತಿದೆ. ಮರುವರ್ಷ, 1991ರಲ್ಲಿ, ಕೆನಡಾದ ಪರ್ವತಗಳ ನಡುವಿನ ಪ್ರವಾಸಿ ತಾಣ ಲೇಕ್ ಲೂಯಿಸ್‌ನಲ್ಲಿ ಸೇರಿದ್ದ ತಜ್ಞರು ಎತ್ತರ ಪ್ರದೇಶದ ಕಾಯಿಲೆಯನ್ನು ಅಳೆಯುವ ಅಂಕಪಟ್ಟಿಗೆ ರೂಪ ಕೊಟ್ಟರು. 2018ರಲ್ಲಿ ಅದನ್ನು ಪರಿಷ್ಕರಿಸಿ ನಿದ್ರೆಯ ಪ್ರಶ್ನೆಯನ್ನು ಕೈಬಿಟ್ಟಿದ್ದಾರೆ. ಹೆಸರು ಮಾತ್ರ ಲೇಕ್ ಲೂಯಿಸ್ ಎಂದೇ ಉಳಿದಿದೆ.

ರೆಸಾರ್ಟ್‌ನಲ್ಲಿ ನಡೆಯುವ ಸಿಎಂಇ, ಅಂದರೆ ವೈದ್ಯರ ನಿರಂತರ ಶಿಕ್ಷಣದ ಕಾರ್ಯಕ್ರಮ, ಎಂದರೆ ನೆಪಮಾತ್ರದ ಪಾಠ ಎನ್ನುವವರಿಗೆ ನಾನು ಈ ಎರಡು ಸಂಗತಿಗಳನ್ನು ಹೇಳುತ್ತೇನೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ವೈದ್ಯರಿರುವ ತುರ್ತು ವಿಭಾಗದಲ್ಲಿ ದುಡಿಯುವವಳು ನಾನು. ಆಸ್ಪತ್ರೆಯ ಗೋಡೆಗಳಾಚೆ, ಫೋನ್ ಸದ್ದಿಲ್ಲದ ಜಾಗದಲ್ಲಿ ಕೂತು ಕಲಿಯುವುದು ನನಗೆ ನಿಜಕ್ಕೂ ಬೇಕು. ಆದರೆ ಬೆಟ್ಟವಾಗಲಿ ಕಡಲಾಗಲಿ ತಾವಾಗಿ ಏನನ್ನೂ ಕಲಿಸುವುದಿಲ್ಲ. ಸಮ್ಮೇಳನ ಮುಗಿಸಿ ಬಂದ ಮೇಲೆ ಮೊದಲ ಪಾಳಿಯಲ್ಲಿ ನನ್ನ ಕೈ ಯಾವ ಕೆಲಸವನ್ನು ಮೊದಲಿಗಿಂತ ಚೆನ್ನಾಗಿ ಮಾಡುತ್ತದೆ ಎಂಬುದೊಂದೇ ನನ್ನ ಅಳತೆಗೋಲು. ಮುಂದೆ ಹೇಳುವುದೆಲ್ಲ ಆ ಅಳತೆಗೆ ತಕ್ಕಂತೆ ತಯಾರಾಗುವ ಬಗೆ.

ನೋಂದಣಿಗೂ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ವಿಭಾಗಕ್ಕೆ ಯಾವಾಗ ಬೇಕಾದರೂ ಬರಬಹುದಾದ, ಆದರೆ ನಿಮ್ಮ ಕೈ ಇತ್ತೀಚೆಗೆ ಮಾಡಿಯೇ ಇಲ್ಲದ ಕೆಲಸಗಳನ್ನು ಅದರಲ್ಲಿ ಬರೆಯಿರಿ. ಓದಿ ತಿಳಿದಿರುವುದು ಲೆಕ್ಕಕ್ಕಿಲ್ಲ. ಕೈಯಿಂದ ಮಾಡಿದ್ದು ಮಾತ್ರ ಲೆಕ್ಕ. ನನ್ನ ಹಾಳೆಯ ಮೊದಲ ಸಾಲು ಯಾವಾಗಲೂ ಕ್ರೈಕೋಥೈರಾಟಮಿ. ಬಾಯಿಂದ ಕೊಳವೆ ಹಾಕಲು ಆಗುತ್ತಿಲ್ಲ, ಮಾಸ್ಕ್‌ನಿಂದ ಉಸಿರು ಹೋಗುತ್ತಿಲ್ಲ, ಆಮ್ಲಜನಕದ ಮಟ್ಟ ಕುಸಿಯುತ್ತಿದೆ ಎಂದಾಗ ಕುತ್ತಿಗೆಯ ಮುಂಭಾಗದ ಪೊರೆಯನ್ನು ಕೊಯ್ದು ಶ್ವಾಸನಾಳಕ್ಕೆ ದಾರಿ ಮಾಡುವ ಕೆಲಸ ಅದು. ಎರಡನೆಯದು, ಪೆಟ್ಟಿನಿಂದ ಕಣ್ಣುಗುಡ್ಡೆಯ ಹಿಂದೆ ರಕ್ತ ತುಂಬಿ ಒತ್ತಡ ಏರಿದಾಗ ಕಣ್ಣಿನ ಹೊರಮೂಲೆಯನ್ನು ಕತ್ತರಿಸಿ ದೃಷ್ಟಿ ಉಳಿಸುವ ಲ್ಯಾಟರಲ್ ಕ್ಯಾಂಥಾಟಮಿ. ಮೂರನೆಯದನ್ನು ಬರೆಯುವಾಗಲೇ ಎದೆ ಭಾರವಾಗುತ್ತದೆ: ತುಂಬು ಗರ್ಭಿಣಿಯ ಹೃದಯ ನಿಂತಾಗ, ಎದೆ ಒತ್ತಿ ಉಸಿರು ಕೊಡುವ ಸಿಪಿಆರ್ ನಡೆಯುತ್ತಿರುವಂತೆಯೇ, ಐದು ನಿಮಿಷದೊಳಗೆ ಮಗುವನ್ನು ಹೊರತೆಗೆಯುವುದು. ಐದು ನಿಮಿಷ ಎಂಬುದು ಶಸ್ತ್ರಚಿಕಿತ್ಸಾ ಕೊಠಡಿಗೆ ಸಾಗಿಸುವಷ್ಟು ಸಮಯವಲ್ಲ. ಇದ್ದಲ್ಲಿಯೇ ಮಾಡಬೇಕು, ನಿರ್ಧಾರವನ್ನು ನಾಲ್ಕನೇ ನಿಮಿಷ ಮುಗಿಯುವುದರೊಳಗೆ ತೆಗೆದುಕೊಂಡಿರಬೇಕು. ಇಂಥವು ಅಪರೂಪಕ್ಕೆ ಬರುತ್ತವೆ, ಬಂದಾಗ ಯೋಚಿಸಲು ಬಿಡುವು ಕೊಡುವುದಿಲ್ಲ. ನಮ್ಮಂಥವರು ದೂರದ ಕಾರ್ಯಾಗಾರಕ್ಕೆ ಹೋಗಬೇಕಾದದ್ದು ಇವುಗಳಿಗಾಗಿ. ಜ್ವರ, ಎದೆನೋವು, ಮೂಳೆ ಮುರಿತಗಳನ್ನು ನಮ್ಮ ಪಾಳಿಗಳೇ ಕಲಿಸುತ್ತವೆ.

ಈಗ ಕಾರ್ಯಕ್ರಮ ಪಟ್ಟಿಯನ್ನು ಎದುರಿಗಿಟ್ಟುಕೊಳ್ಳಿ. ಭಾಷಣಗಳಿಗೆ ಎಷ್ಟು ಗಂಟೆ, ಕೈಯಿಂದ ಮಾಡುವ ಅಭ್ಯಾಸಕ್ಕೆ ಎಷ್ಟು ಗಂಟೆ ಎಂದು ಕೂಡಿ ನೋಡಿ. 'ಕಾರ್ಯಾಗಾರ' ಎಂದು ಅಚ್ಚಾದದ್ದೆಲ್ಲ ಕಾರ್ಯಾಗಾರವಲ್ಲ. ವೇದಿಕೆಯ ಮೇಲೆ ಒಬ್ಬರು ಮಾಡಿ ತೋರಿಸಿ, ಉಳಿದವರು ಕುರ್ಚಿಯಲ್ಲಿ ಕೂತು ಮೊಬೈಲ್‌ನಲ್ಲಿ ಚಿತ್ರ ತೆಗೆದರೆ ಅದು ಪ್ರಾತ್ಯಕ್ಷಿಕೆ. ಸಂಘಟಕರಿಗೆ ಪತ್ರ ಬರೆದು ನೇರವಾಗಿ ಕೇಳಿ: ಒಂದು ಮೇಜಿಗೆ ಎಷ್ಟು ಜನ? ಒಬ್ಬ ಬೋಧಕರಿಗೆ ಎಷ್ಟು ಕಲಿಯುವವರು? ಪ್ರತಿಯೊಬ್ಬರಿಗೂ ಎಷ್ಟು ಸಲ ಮಾಡುವ ಅವಕಾಶ? ಮಾದರಿ ಪ್ಲಾಸ್ಟಿಕ್‌ನದೋ, ಪ್ರಾಣಿಯ ಅಂಗಾಂಶದ್ದೋ? ಚೆನ್ನಾಗಿ ತಯಾರಾದ ಸಂಘಟಕರು ಇಂಥ ಪ್ರಶ್ನೆಗೆ ಸಂತೋಷದಿಂದ ಉತ್ತರಿಸುತ್ತಾರೆ. ಒಂದು ಮೇಜಿಗೆ ಐದಾರು ಜನರಿಗಿಂತ ಹೆಚ್ಚಿದ್ದರೆ ನಾನು ಹಿಂಜರಿಯುತ್ತೇನೆ, ಏಕೆಂದರೆ ಸಂಕೋಚ ಸ್ವಭಾವದವರ ಕೈಗೆ ಉಪಕರಣ ಬರುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ.

ಹಣ ಎಲ್ಲಿಂದ ಬರುತ್ತಿದೆ ಎಂದೂ ನೋಡಬೇಕು. ಸುಂದರ ತಾಣಕ್ಕೆ ವೈದ್ಯರನ್ನು ಕರೆಯುವ ಕಾರ್ಯಕ್ರಮಗಳಲ್ಲಿ ಔಷಧ ಅಥವಾ ಉಪಕರಣ ತಯಾರಕರ ಪ್ರಾಯೋಜನೆ ಇರುವುದುಂಟು. ಪ್ರಾಯೋಜಕರು ಇದ್ದ ಮಾತ್ರಕ್ಕೆ ಪಾಠ ಕೆಟ್ಟದ್ದಾಗುವುದಿಲ್ಲ. ಆದರೆ ವಿಷಯವನ್ನೂ ಭಾಷಣಕಾರರನ್ನೂ ಅವರೇ ಆರಿಸಿದ್ದರೆ ನಾನು ಹೋಗುವುದಿಲ್ಲ. ಪ್ರತಿ ಭಾಷಣಕಾರರ ಆರ್ಥಿಕ ಸಂಬಂಧಗಳ ಘೋಷಣೆ ಇದೆಯೇ ಎಂದು ವಿಚಾರಿಸಿ. ಪ್ರಯಾಣದ ವೆಚ್ಚವನ್ನು ಕಂಪನಿಯೊಂದು ಕೊಡುತ್ತೇನೆ ಎಂದರೆ, ನಿಮ್ಮ ವೃತ್ತಿ ಸಂಹಿತೆ ಅದಕ್ಕೆ ಒಪ್ಪುತ್ತದೆಯೇ ಎಂದು ಮೊದಲು ಓದಿ. ನಮ್ಮ ಲೇಖನಿಯಿಂದ ಯಾವ ಔಷಧದ ಹೆಸರು ಹೊರಬರುತ್ತದೆ ಎಂಬುದು ರೋಗಿಯ ಒಳಿತಿಗೆ ಬಿಟ್ಟು ಬೇರೆ ಯಾವುದಕ್ಕೂ ಕಟ್ಟುಬೀಳಬಾರದು. ಕ್ರೆಡಿಟ್ ಅಂಕಗಳಿಗೆ ನಿಮ್ಮ ವೈದ್ಯಕೀಯ ಪರಿಷತ್ತಿನ ಮಾನ್ಯತೆ ಇದೆಯೇ, ಹಾಜರಾತಿಯನ್ನು ಹೇಗೆ ದಾಖಲಿಸುತ್ತಾರೆ ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳಿ.

ಸಾಧ್ಯವಿದ್ದರೆ ಒಬ್ಬರೇ ಹೋಗಬೇಡಿ. ನಿಮ್ಮ ವಿಭಾಗದ ಹಿರಿಯ ನರ್ಸ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಎದೆ ಒತ್ತುವವರು, ಔಷಧ ತುಂಬುವವರು, ಸಮಯ ಹೇಳುವವರು ಬೇರೆ ಬೇರೆ ಜನ. ಪುನಶ್ಚೇತನ ಎಂಬುದು ಒಬ್ಬರ ಕಲೆಯಲ್ಲ. ನನ್ನೊಂದಿಗೆ ಬರುವ ಸಿಸ್ಟರ್ ಮೇಜಿನ ಮೇಲಿನ ಸಲಕರಣೆಗಳನ್ನು ನೋಡುತ್ತಲೇ 'ಡಾಕ್ಟರೇ, ನಮ್ಮ ಟ್ರಾಲಿಯಲ್ಲಿ ಈ ಅಳತೆಯ ಕೊಳವೆ ಇಲ್ಲ' ಎಂದು ಗುರುತು ಹಾಕಿಕೊಳ್ಳುತ್ತಾರೆ. ಆ ಒಂದು ಮಾತು ಒಂದು ಇಡೀ ಉಪನ್ಯಾಸಕ್ಕೆ ಸಮ.

ಪ್ರಯಾಣದ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ರಾತ್ರಿ ಪಾಳಿ ಮುಗಿಸಿ ಅದೇ ಬೆಳಿಗ್ಗೆ ಕಾರು ಓಡಿಸಿಕೊಂಡು ಹೊರಡಬೇಡಿ. ಒಂದು ದಿನ ಮೊದಲೇ ತಲುಪಿ ನಿದ್ದೆ ಮಾಡಿ. ತಾಣ 2500 ಮೀಟರ್‌ಗಿಂತ ಎತ್ತರದಲ್ಲಿದ್ದರೆ ತಲೆನೋವು, ವಾಕರಿಕೆ, ಸುಸ್ತು ಸಾಮಾನ್ಯವಾಗಿ ತಲುಪಿದ 6ರಿಂದ 12 ಗಂಟೆಗಳಲ್ಲಿ ಶುರುವಾಗುತ್ತವೆ. ಎಂದರೆ ಸಂಜೆ ಬಂದಿಳಿದವರಿಗೆ ಮರುದಿನದ ಮೊದಲ ಗೋಷ್ಠಿ ತಲೆಗೆ ಹತ್ತುವುದಿಲ್ಲ. ಕಡಲ ತಾಣದಲ್ಲಿ ಸ್ಕೂಬಾ ಡೈವಿಂಗ್ ಮಾಡುವ ಆಸೆಯಿದ್ದರೆ ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ: ಒಂದು ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದ್ದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು.

ತಲುಪಿದ ಕೂಡಲೇ, ಕೋಣೆಯ ಬೀಗ ತೆಗೆಯುವ ಮೊದಲೇ, ಸ್ವಾಗತ ಮೇಜಿನಲ್ಲಿ ಎರಡು ಪ್ರಶ್ನೆ ಕೇಳಿ. ಹೃದಯ ಸ್ತಂಭನವಾದವರಿಗೆ ವಿದ್ಯುತ್ ಆಘಾತ ಕೊಡುವ ಯಂತ್ರ, ಎಇಡಿ, ಎಲ್ಲಿದೆ? ಹತ್ತಿರದ ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ? ರೆಸಾರ್ಟ್ ಎಂದರೆ ಈಜುಕೊಳ, ಏರು ದಾರಿ, ವಯಸ್ಸಾದ ಅತಿಥಿಗಳು. ಆಂಬುಲೆನ್ಸ್ ಮಾತ್ರ ದೂರ. ಕುಸಿದುಬಿದ್ದವರಿಗೆ ಸಿಪಿಆರ್ ಸಿಗದೆ ಡಿಫಿಬ್ರಿಲೇಷನ್, ಅಂದರೆ ಆ ವಿದ್ಯುತ್ ಆಘಾತ, ತಡವಾದರೆ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಗ್ಗುತ್ತದೆ. ನೂರು ವೈದ್ಯರು ತಂಗಿರುವ ಕಟ್ಟಡದಲ್ಲಿ ಒಬ್ಬರಿಗೂ ಎಇಡಿಯ ಜಾಗ ಗೊತ್ತಿಲ್ಲದಿರುವುದು ನನಗೆ ಸಹಿಸಲಾಗದ ಸಂಗತಿ. ಮೊದಲ ದಿನವೇ ಸಂಘಟಕರು ಅದನ್ನು ವೇದಿಕೆಯಿಂದ ಹೇಳುವಂತೆ ಒತ್ತಾಯಿಸಿ.

ಉಪನ್ಯಾಸಗಳಲ್ಲಿ ಕೂತಾಗ ಪರದೆಯ ಮೇಲಿನದನ್ನೆಲ್ಲ ಬರೆದುಕೊಳ್ಳುವುದನ್ನು ಬಿಡಿ. ಆ ಪುಟಗಳನ್ನು ಅವರೇ ಕಳುಹಿಸುತ್ತಾರೆ. ಬದಲಿಗೆ, ಗೋಷ್ಠಿ ಮುಗಿದ ಮೇಲೆ ಪುಸ್ತಕ ಮುಚ್ಚಿ, ಕೇಳಿದ್ದನ್ನು ನೆನಪಿನಿಂದ ಒಂದು ಪುಟ ಬರೆಯಿರಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗ ಇದಕ್ಕೆ ಆಧಾರ. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿದ್ದನ್ನು ನೆನಪಿಸಿಕೊಂಡು ಬರೆದವರು ಒಂದು ವಾರದ ನಂತರ ಮುಂದಿದ್ದರು. ನಮ್ಮ ರೋಗಿ ಐದು ನಿಮಿಷದ ನಂತರ ಬರುವುದಿಲ್ಲ, ವಾರಗಳ ನಂತರ ನಡುರಾತ್ರಿಯಲ್ಲಿ ಬರುತ್ತಾನೆ.

ಅಭ್ಯಾಸದ ಮೇಜಿನಲ್ಲಿ ಮಾತ್ರ ಸಂಕೋಚ ಬೇಡ. ಕ್ರೈಕೋಥೈರಾಟಮಿಯನ್ನೇ ಹೇಳುತ್ತೇನೆ. 2015ರ ಬ್ರಿಟಿಷ್ ಮಾರ್ಗಸೂಚಿ ಅದನ್ನು ಮೂರೇ ಸಲಕರಣೆಗಳಿಗೆ ಇಳಿಸಿದೆ: 10ನೇ ಸಂಖ್ಯೆಯ ಬ್ಲೇಡ್, ಬೂಜಿ ಎಂಬ ಬಾಗುವ ತೆಳು ಕಡ್ಡಿ, ಗಾಳಿ ತುಂಬುವ ಕಫ್ ಇರುವ 6 ಮಿಲಿಮೀಟರ್ ಕೊಳವೆ. ಎಡಗೈಯಿಂದ ಧ್ವನಿಪೆಟ್ಟಿಗೆಯನ್ನು ಹಿಡಿದು ಪೊರೆಯನ್ನು ಬೆರಳಿನಿಂದ ಗುರುತಿಸಿ, ಅಡ್ಡಲಾಗಿ ಚುಚ್ಚಿ, ಬ್ಲೇಡಿನ ಹರಿತದ ಅಂಚನ್ನು ಪಾದದ ಕಡೆಗೆ ತಿರುಗಿಸಿ, ಅದರ ಬದಿಯಲ್ಲೇ ಬೂಜಿಯನ್ನು ಜಾರಿಸಿ, ಅದರ ಮೇಲೆ ಕೊಳವೆಯನ್ನು ಇಳಿಸುವುದು. ಓದಲು ಎರಡು ಸಾಲು. ಮೊದಲ ಸಲ ಮಾಡುವಾಗ ಕೈ ಹುಡುಕುತ್ತದೆ, ಎರಡನೆಯ ಸಲ ಕಣ್ಣು ಹುಡುಕುತ್ತದೆ. ಮಾಡುತ್ತಾ ಹೋದಂತೆ ಬೆರಳೇ ದಾರಿ ಬಲ್ಲದು. ಆ ಹಂತಕ್ಕೆ ಬರುವವರೆಗೆ ಮೇಜು ಬಿಡಬೇಡಿ. ನಂತರ ಕಣ್ಣು ಮುಚ್ಚಿ ಪೊರೆಯನ್ನು ಗುರುತಿಸಿ ನೋಡಿ. ರಕ್ತ ಹರಿಯುವಾಗ ಏನೂ ಕಾಣುವುದಿಲ್ಲ, ಹಾಗಾಗಿ ಇದು ಸ್ಪರ್ಶದ ಕೆಲಸ ಎಂಬುದು ಆಗ ಮನದಟ್ಟಾಗುತ್ತದೆ. ಬಿಡುವಿನ ವೇಳೆಯಲ್ಲಿ ಬೋಧಕರ ಬಳಿ ಹೋಗಿ 'ಇನ್ನೊಮ್ಮೆ ಮಾಡಲೇ?' ಎಂದು ಕೇಳಿ. ಬೇಡ ಎಂದವರನ್ನು ನಾನು ಕಂಡಿಲ್ಲ.

ಸಿಪಿಆರ್ ಮೇಜನ್ನು 'ಗೊತ್ತಿರುವುದೇ' ಎಂದು ದಾಟಿ ಹೋಗುವವರನ್ನು ಕಂಡರೆ ಬೇಸರವಾಗುತ್ತದೆ. ತರಬೇತಿ ಪಡೆದ ಕೆಲವೇ ತಿಂಗಳುಗಳಲ್ಲಿ ಈ ಕೌಶಲ ಮಸುಕಾಗತೊಡಗುತ್ತದೆ. ನಿಮಿಷಕ್ಕೆ 100ರಿಂದ 120 ಒತ್ತು, ವಯಸ್ಕರಲ್ಲಿ 5ರಿಂದ 6 ಸೆಂಟಿಮೀಟರ್ ಆಳ, ಪ್ರತಿ ಸಲ ಎದೆ ಪೂರ್ತಿ ಮೇಲೇಳಬೇಕು ಎಂಬುದು ಬಾಯಿಪಾಠವಾಗಿರುತ್ತದೆ. ಅಳತೆ ತೋರಿಸುವ ಗೊಂಬೆಯ ಮೇಲೆ ಎರಡು ನಿಮಿಷ ಒತ್ತಿದಾಗ ದಣಿವು ಆಳವನ್ನು ಹೇಗೆ ಕದಿಯುತ್ತದೆ ಎಂಬುದು ಪರದೆಯಲ್ಲಿ ಕಾಣುತ್ತದೆ.

ರಮ್ಯ ತಾಣದ ನಿಜವಾದ ಲಾಭ ಹೊರಾಂಗಣ ಗೋಷ್ಠಿಗಳಲ್ಲಿದೆ. ಕಾರ್ಯಕ್ರಮದಲ್ಲಿ ಅಂಥದ್ದು ಇದ್ದರೆ ಬಿಡಬೇಡಿ. ನೀರಿನಲ್ಲಿ ಮುಳುಗಿದವರ ಹೃದಯ ನಿಲ್ಲುವುದು ಆಮ್ಲಜನಕದ ಕೊರತೆಯಿಂದ. ಆದ್ದರಿಂದ ಯುರೋಪಿನ ಮಾರ್ಗಸೂಚಿ ಎದೆ ಒತ್ತುವ ಮೊದಲು ಐದು ಉಸಿರು ಕೊಡಿ ಎನ್ನುತ್ತದೆ. ಸಿಡಿಲು ಬಡಿದ ಗುಂಪಿನಲ್ಲಿ ಸಾಮಾನ್ಯ ಆದ್ಯತೆಯ ಕ್ರಮ ತಲೆಕೆಳಗಾಗುತ್ತದೆ: ನರಳುತ್ತಿರುವವರು ಬಹುತೇಕ ಬದುಕುತ್ತಾರೆ, ಉಸಿರಿಲ್ಲದೆ ಬಿದ್ದವರ ಬಳಿಗೇ ಮೊದಲು ಓಡಬೇಕು. ಹವಾನಿಯಂತ್ರಿತ ಸಭಾಂಗಣದಲ್ಲಿ ಇದನ್ನು ಕೇಳುವುದಕ್ಕೂ, ಒದ್ದೆ ಮರಳಿನ ಮೇಲೆ ಮಂಡಿಯೂರಿ, ಗಾಳಿಯ ಸದ್ದಿನಲ್ಲಿ ಸಂಗಡಿಗರಿಗೆ ಕೂಗಿ ಹೇಳುತ್ತಾ ಮಾಡುವುದಕ್ಕೂ ಅಜಗಜಾಂತರವಿದೆ.

ಮಧ್ಯಾಹ್ನ ಬಿಡುವು ಕೊಟ್ಟಿದ್ದರೆ ಅಪರಾಧಿ ಭಾವವಿಲ್ಲದೆ ನಡೆದಾಡಿ. ಒಳ್ಳೆಯ ನಿದ್ದೆ ಕಲಿತದ್ದನ್ನು ನೆನಪಿನಲ್ಲಿ ಗಟ್ಟಿಗೊಳಿಸುತ್ತದೆ. ರಾತ್ರಿ ತಡವಾಗಿ ಮಲಗಿ ಅದನ್ನು ಕಳೆದುಕೊಳ್ಳಬೇಡಿ. ಇನ್ನೊಂದು ಮಾತು: ನಡಿಗೆಯಲ್ಲಿ ಜೊತೆಯಾಗುವ ಅಪರಿಚಿತ ವೈದ್ಯರು ತಾವು ಕಳೆದುಕೊಂಡ ರೋಗಿಗಳ ಬಗ್ಗೆ ಮಾತನಾಡತೊಡಗುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ಆ ಮಾತಿಗೆ ಹೊತ್ತೂ ಇಲ್ಲ, ಜಾಗವೂ ಇಲ್ಲ. ಅಡ್ಡ ಬಾಯಿ ಹಾಕದೆ ಕೇಳಿಸಿಕೊಳ್ಳಿ. ನಿಮ್ಮದೂ ಇದ್ದರೆ ಹೇಳಿ.

ಹಿಂತಿರುಗಿದ ವಾರದಲ್ಲೇ ಮೂರು ಕೆಲಸ ಮುಗಿಯಬೇಕು, ಇಲ್ಲದಿದ್ದರೆ ಅವು ಎಂದಿಗೂ ಮುಗಿಯುವುದಿಲ್ಲ. ಬ್ಲೇಡ್, ಬೂಜಿ, ಕೊಳವೆ ಮೂರನ್ನೂ ಒಂದೇ ಪೊಟ್ಟಣದಲ್ಲಿ ಹಾಕಿ ಶ್ವಾಸನಾಳದ ಟ್ರಾಲಿಯಲ್ಲಿ ಎಲ್ಲರಿಗೂ ಕಾಣುವಂತೆ ಇಡಿ. ಹೋಗಲಾಗದ ಸಹೋದ್ಯೋಗಿಗಳಿಗೆ ಪಾಳಿ ಬದಲಾಗುವ ಹೊತ್ತಿನಲ್ಲಿ ಹದಿನೈದು ನಿಮಿಷ ಒಂದೇ ಒಂದು ಕೌಶಲವನ್ನು ಮಾಡಿ ತೋರಿಸಿ, ಅವರ ಕೈಯಿಂದಲೂ ಮಾಡಿಸಿ. ಒಂದು ತಿಂಗಳು ಮತ್ತು ಮೂರು ತಿಂಗಳ ನಂತರದ ಎರಡು ದಿನಾಂಕಗಳನ್ನು ಪಾಳಿ ಪಟ್ಟಿಯಲ್ಲಿ ಪುನರಭ್ಯಾಸಕ್ಕೆ ಗುರುತು ಮಾಡಿ, ಅದರ ಮುಂದೆ ಜವಾಬ್ದಾರಿ ಹೊರುವವರ ಹೆಸರು ಬರೆಯಿರಿ. ಪ್ರಮಾಣಪತ್ರವನ್ನು ಪರಿಷತ್ತಿಗೆ ಸಲ್ಲಿಸುವ ಕೆಲಸ ಇವೆಲ್ಲ ಆದ ಮೇಲೆ.