ಲಾಂಗ್ಜಾಕ್ಕೆ ಹೊರಡುವ ಮುನ್ನ

ಹಿಮಾಚಲದ ಸ್ಪಿತಿಯಲ್ಲಿರುವ ಲಾಂಗ್ಜಾ ಹಳ್ಳಿಯ ಎತ್ತರ ಸುಮಾರು 4,400 ಮೀಟರ್. ಮನಾಲಿಯಿಂದ ಕುಂಜುಮ್ ಪಾಸ್ ದಾಟಿ ಒಂದೇ ದಿನದಲ್ಲಿ ಸ್ಪಿತಿಯ ಮುಖ್ಯ ಪಟ್ಟಣ ಕಾಜಾ ಮುಟ್ಟಬಹುದು, ಆದರೆ ಮೊದಲ ಸಲ ಹೋಗುವವರಿಗೆ ಆ ದಾರಿ ಬೇಡವೇ ಬೇಡ. ದೇಹ ಒಗ್ಗಿಕೊಳ್ಳಲು ಸಮಯ ಸಿಗದೆ ತಲೆನೋವು, ವಾಂತಿ ಶುರುವಾಗುತ್ತವೆ. ಶಿಮ್ಲಾ ಕಡೆಯಿಂದ ಹೋಗಿ: ಕಲ್ಪಾದಲ್ಲಿ ಒಂದು ರಾತ್ರಿ, ತಾಬೋದಲ್ಲಿ ಒಂದು, ಕಾಜಾದಲ್ಲಿ ಎರಡು, ಆಮೇಲೆ ಲಾಂಗ್ಜಾ. ನಡೆಯುವಾಗ ತೂರಾಡಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯದೆ ಕೆಳಗಿಳಿಯಿರಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬೇಕೇ ಎಂದು ಊರಲ್ಲೇ ವೈದ್ಯರನ್ನು ಕೇಳಿ. ಸಲ್ಫಾ ಗುಂಪಿನ ಔಷಧಿಗಳ ಅಲರ್ಜಿ ಇದ್ದರೆ ತಪ್ಪದೆ ಹೇಳಿ.

ಜುಲೈ, ಆಗಸ್ಟ್‌ನಲ್ಲಿ ಈ ದಾರಿಯಲ್ಲಿ ಸಿಗುವ ಕಿನ್ನೌರ್ ಜಿಲ್ಲೆಯ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು. ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ಸೆಪ್ಟೆಂಬರ್ ಆದರೆ ಇನ್ನೂ ಒಳ್ಳೆಯದು. ನಗದು ಜೊತೆಗಿರಲಿ, ಕಾಜಾದ ಎಟಿಎಂ ನೆಚ್ಚಿಕೊಳ್ಳಬೇಡಿ.

ಲಾಂಗ್ಜಾದ ಮನೆಗಳಲ್ಲಿ ಒಣ ಪಾಯಿಖಾನೆ: ನೆಲದಲ್ಲೊಂದು ಕಂಡಿ, ಪಕ್ಕದಲ್ಲಿ ಮಣ್ಣಿನ ರಾಶಿ, ಒಂದು ಸಲಿಕೆ. ನೀರು ಸುರಿಯಬೇಡಿ, ಮಣ್ಣು ಎಳೆದು ಮುಚ್ಚಿ. ಕೆಳಗೆ ಬಿದ್ದದ್ದೇ ಅವರ ಬಟಾಣಿ, ಬಾರ್ಲಿ ಹೊಲಕ್ಕೆ ಗೊಬ್ಬರ. ಪ್ಲಾಸ್ಟಿಕ್ ಬಿದ್ದರೆ ಗೊಬ್ಬರ ಕೆಟ್ಟಿತು.

ಸುರುಳಿ ಅಚ್ಚಿನ ಕಪ್ಪು ಕಲ್ಲುಗಳು ಕಾಣಸಿಗುತ್ತವೆ. ಹಿಮಾಲಯ ಏಳುವ ಮೊದಲು ಇಲ್ಲಿದ್ದ ಟೆಥಿಸ್ ಸಮುದ್ರದ ಕಾಲದ ಪಳೆಯುಳಿಕೆ ಅವು. ಕೊಳ್ಳಬೇಡಿ, ಎತ್ತಿಕೊಂಡೂ ಬರಬೇಡಿ.